ಬೀಬಿಯ ಹೆಸರಿನಲ್ಲಿ ಬಂದ ಕಾಗದಗಳು

ಮೊಮ್ಮಗಳು ಹುಟ್ಟಿದ ಸಂತೋಷವನ್ನು ಬರೆಯೋಣವೆಂದು ಕೂತರೆ ದೆವ್ವದ ಮಾತಿನಿಂದಲೇ ಶುರು ಮಾಡಬೇಕಾಗಿದೆ. ಏನು ಮಾಡಲಿ, ನಡೆದದ್ದು ಹಾಗೆಯೇ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನ ತನಕ. ಮನೆಯೊಳಗೆ ನಮ್ಮದು ಉರ್ದು ಮಾತು, ಬರೆಯಲು ಬರುವುದು ಮಾತ್ರ ಕನ್ನಡ ಒಂದೇ. ಆದ್ದರಿಂದ ಮನೆಯವರ ಮಾತನ್ನೂ ಇಲ್ಲಿ ಕನ್ನಡದಲ್ಲೇ ಇಟ್ಟಿದ್ದೇನೆ. ಎಲ್ಲಾದರೂ ಅಡ್ಡಾದಿಡ್ಡಿಯಾದರೆ ಅಜ್ಜನಾದವನ ಅಮಲು ಎಂದುಕೊಂಡು ಬಿಟ್ಟುಬಿಡಿ.

ಕೊಟ್ಟೂರಿನಲ್ಲಿ ನನ್ನದೊಂದು ಅಂಗಡಿ. ಅರ್ಧ ಅಂಗಡಿಯಲ್ಲಿ ನಾನು ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದೆ. ಇನ್ನರ್ಧದಲ್ಲಿ ನನ್ನ ಬೀಬಿ ಮೂರು ಕಂಪ್ಯೂಟರ್ ಇಟ್ಟುಕೊಂಡು ಇಂಟರ್ನೆಟ್ ನಡೆಸುತ್ತಿದ್ದಳು. ಅವಳು ನನಗಿಂತ ಹೆಚ್ಚು ಓದಿದವಳು. ಮಗಳು ಮದುವೆಯಾಗಿ ಅರಬ್ ನಾಡಿನ ದಮ್ಮಾಮಿಗೆ ಹೋದ ಮೇಲೆ, ಅವಳಿಗೆ ಕಾಗದ ಬರೆಯುವ ಆಸೆಗೇ ಕಂಪ್ಯೂಟರ್ ಕಲಿತಳು. ಕಲಿತದ್ದನ್ನು ಊರಿಗೆಲ್ಲ ಹಂಚಿದಳು. ಚಿಕ್ಕವರು ದೊಡ್ಡವರು ಎಲ್ಲರ ಬಾಯಲ್ಲೂ ಅವಳು ಚಾಚಿ. ಯಾರಾದರೂ ಬಂದು, "ಚಾಚಿ, ನಮ್ ಹುಡುಗಂದು ಏನಾರ ಬಂದೈತೇನು ನೋಡ್ರಿ" ಅಂದರೆ ಇವಳೇ ಅವರ ಇಮೇಲಿನ ಪೆಟ್ಟಿಗೆ ತೆರೆದು ಓದಿ ಹೇಳುವಳು. ಪೆಟ್ಟಿಗೆ ಮಾಡಿಕೊಟ್ಟವಳೂ ಇವಳೇ, ಅದಕ್ಕೆ ಪಾಸ್‌ವರ್ಡ್ ಇಟ್ಟವಳೂ ಇವಳೇ. ಈ ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಲೇ ಎಂದು ಕಂಪ್ಯೂಟರ್ ಕೇಳಿದರೆ ಪ್ರತಿ ಸಲವೂ ಹೌದು ಎಂದು ಒತ್ತುವಳು. ಹೀಗೆ ಅರ್ಧ ಊರಿನ ಕಾಗದದ ಪೆಟ್ಟಿಗೆಗಳು ಅವಳು ಕೂರುತ್ತಿದ್ದ ಒಂದನೇ ನಂಬರಿನ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದವು.

ಒಂದು ಬೆಳಗ್ಗೆ ಎದೆನೋವೆಂದಳು. ಆಸ್ಪತ್ರೆಗೆ ಕರೆದೊಯ್ಯುತ್ತ ಹರಪನಹಳ್ಳಿ ದಾಟುವುದರೊಳಗೆ ಮುಗಿದುಹೋಯಿತು. ಅದನ್ನು ಹೆಚ್ಚು ಬರೆಯಲಾರೆ.

ನಲವತ್ತನೆಯ ದಿನದ ಫಾತೆಹಾ ಆಗಿ ಕೆಲವೇ ದಿನಗಳಾಗಿದ್ದವು. ದಮ್ಮಾಮಿನಿಂದ ಮಗಳ ಫೋನ್ ಬಂತು. ಅವಳು ಆಗ ತುಂಬು ಬಸುರಿ. ಹಿಂದೊಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಅವಳ ಧ್ವನಿ ಕೇಳಿದರೇ ನನಗೆ ಎದೆ ಹೊಡೆದುಕೊಳ್ಳುತ್ತಿದ್ದ ಕಾಲ ಅದು.

"ಅಬ್ಬಾ, ಅಮ್ಮಿ ಕಾಗದ ಬಂದೈತಿ."

"ಹಳೇದು ಯಾವುದಾರ ತೆಗದು ಓದಿರಬೇಕು ಬೇಟಾ."

"ಹಳೇದಲ್ಲ ಅಬ್ಬಾ. ಇವತ್ತಿಂದು. ಅಮ್ಮಿ ಹೆಸರೈತಿ. ನನ್ನ ಫೋಟೋ ನೋಡು ಅಂತ ಇಂಗ್ಲಿಷಿನಾಗ ಬರದಾಳ. ಒತ್ತಿದ್ರ ಫೋಟೋ ಬರವಲ್ದು."

ನಾನು ಫೋನು ಹಿಡಿದುಕೊಂಡೇ ಅಂಗಡಿಯ ಆ ಕಡೆಗೆ ನೋಡಿದೆ. ಕುರ್ಚಿ ಖಾಲಿ. ಅದರ ಮೇಲೆ ಅವಳು ಹೊಲಿದ ದಿಂಬು ಹಾಗೇ ಇತ್ತು.

ಆ ಕಂಪ್ಯೂಟರಿನ ಚೇಷ್ಟೆ ಅವಳು ಹೋಗುವ ಮೊದಲೇ ಶುರುವಾಗಿತ್ತು. ಅವಳಿದ್ದಾಗ ನಾವು ಗಮನಿಸಿರಲಿಲ್ಲ ಅಷ್ಟೇ. ಒಂದು ಪುಟ ತೆರೆದರೆ ಅದರ ಬೆನ್ನಿಗೆ ಕರೆಯದೇ ನಾಲ್ಕು ಪುಟ ತೆರೆದುಕೊಳ್ಳುವವು. ಒಂದನ್ನು ಮುಚ್ಚಿದರೆ ಎರಡು ಏಳುವವು. ತೆರೆಯ ಮೇಲ್ಭಾಗದಲ್ಲಿ ಪಟ್ಟಿಯ ಮೇಲೆ ಪಟ್ಟಿ ಕೂತು, ಕಾಗದ ಓದಲು ಅಂಗೈಯಷ್ಟೇ ಜಾಗ ಉಳಿದಿತ್ತು. ಒಂದು ಮಧ್ಯಾಹ್ನ ನಮಾಜು ಮುಗಿಸಿ ಬಂದು ಅರ್ಧ ಇಳಿಸಿದ್ದ ಶಟರ್ ಎತ್ತುತ್ತಿದ್ದೇನೆ, ಒಳಗೆ ಫೋನಿನ ಲೈನಿನಿಂದ ಇಂಟರ್ನೆಟ್ ತರುವ ಡಬ್ಬಿ, ಯಾರೂ ಮುಟ್ಟದ ಮೋಡೆಮ್, ತಾನಾಗಿಯೇ ನಂಬರು ಒತ್ತಿಕೊಂಡು ಕೀಂ ಎಂದು ಕೂಗತೊಡಗಿತು. ತೆರೆ ಬೆಳಗಿತು. ಯಾವುದೋ ಹೆಂಗಸಿನ ಮುಖ ಮೂಡಿ ನನ್ನನ್ನೇ ನೋಡಿ ನಕ್ಕಿತು. ಅವಳು ನನ್ನ ಬೀಬಿಯಲ್ಲ, ಅಷ್ಟು ಗೊತ್ತಾಯಿತು. ಆದರೂ ಎತ್ತಿದ ಶಟರನ್ನು ಮತ್ತೆ ಇಳಿಸಿಬಿಟ್ಟೆ.

ಮಾತು ಊರಿಗೆ ಹಬ್ಬಲು ಎಷ್ಟು ಹೊತ್ತು? ಕೋಗಳಿ ಕಡೆಯ ಕುರಿ ಕಾಯುವ ಮನೆಯ ಅಜ್ಜಿಯೊಬ್ಬಳು ಮಿಲಿಟರಿಯಲ್ಲಿರುವ ಮಗನ ಕಾಗದ ಕೇಳಲು ಬರುತ್ತಿದ್ದಳು. ಬಾಗಿಲಲ್ಲೇ ನಿಂತು, "ಏನ್ರಿ ಸಾಬ್ರ, ಚಾಚಿ ಇನ್ನಾ ಕುರ್ಚಿ ಬಿಟ್ಟಿಲ್ಲಂತಲ್ರೀ?" ಎಂದಳು. ಕೇಳಿದವಳು ಸುಮ್ಮನಿರದೆ ಸೆರಗಿನ ಗಂಟು ಬಿಚ್ಚಿ, ದೇವರ ಭಂಡಾರವನ್ನು ಚಿಟಿಕೆ ತೆಗೆದು ಕೀಬೋರ್ಡಿನ ಮೇಲೆ ಉದುರಿಸಿದಳು. ಅರಿಶಿನವೆಲ್ಲ ಕೀಲಿಗಳ ಸಂದಿಗೆ ಇಳಿಯಿತು. ಮಷಿನ್ ಒರೆಸುವ ಬ್ರಷ್ಷಿನಿಂದ ತೆಗೆದು ತೆಗೆದು ಸಾಕಾಯಿತು.

ನನ್ನ ಹಳೆಯ ಗೆಳೆಯ, ಎದುರಂಗಡಿಯ ದರ್ಜಿ, ಚಾ ಕುಡಿಯುತ್ತ ಅಂದ: "ಲೇ ಮಿಯಾ, ಅಕಿ ಇದ್ದಾಗ ನೀನು ಅಕೀನ ಮಾತಾಡಾಕ ಎಲ್ಲಿ ಬಿಟ್ಟಿದ್ದಿ? ಈಗಾರ ಮಾತಾಡ್ಲಿ ಬಿಡು."

ನಾನೂ ನಕ್ಕೆ. ಆದರೆ ಮಗಳು ನಗುತ್ತಿರಲಿಲ್ಲ.

ಎರಡನೆಯ ಕಾಗದ ಹೋಯಿತು, ಮೂರನೆಯದೂ ಹೋಯಿತು. ಒಂದು ದಿನ ಧೈರ್ಯ ಮಾಡಿ ಬೀಬಿಯ ಪೆಟ್ಟಿಗೆ ತೆರೆದೆ. ಪಾಸ್‌ವರ್ಡ್ ನನಗೆ ಗೊತ್ತಿರಲಿಲ್ಲ, ಕಂಪ್ಯೂಟರಿಗೆ ಗೊತ್ತಿತ್ತು. ಹೆಸರಿನ ಮೊದಲ ಅಕ್ಷರ ಒತ್ತಿದ ಕೂಡಲೇ ಉಳಿದದ್ದನ್ನು ಅದೇ ತುಂಬಿ, ಕೆಳಗಿನ ಗೆರೆಯಲ್ಲಿ ಸಾಲಾಗಿ ಕಪ್ಪು ಚುಕ್ಕಿ ಇಟ್ಟಿತು. ಒಳಗೆ ಮಗಳು ಬರೆದ ಉತ್ತರಗಳಿದ್ದವು. ತೀರಿಹೋದ ತಾಯಿಗೆ ಬರೆದವು.

"ಅಮ್ಮಿ, ನೀನು ಎಲ್ಲಿದ್ದಿ? ಫೋಟೋ ಕಾಣವಲ್ದು. ನನಗ ಅಂಜಿಕಿ ಆಗತೈತಿ. ಈ ಕೂಸಾರ ಉಳೀತೈತಿಲ್ಲೋ ಹೇಳು. ನೀ ಹೇಳಿದ್ರ ನಾನು ನಂಬ್ತೀನಿ."

ಅವಳು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಓದಿ ಮುಗಿಸುವ ಹೊತ್ತಿಗೆ ಮಷಿನ್ ರಿಪೇರಿಗೆ ಕೊಟ್ಟವರು ಬಂದು ಕೂಗಿ ವಾಪಸು ಹೋಗಿದ್ದರು.

ಅಳಿಯ ದಮ್ಮಾಮಿನಲ್ಲಿ ಏಸಿ ಮೆಕ್ಯಾನಿಕ್. ಅವನೂ ಫೋನ್ ಮಾಡಿದ. "ಮಾಮಾ, ಊಟ ಸರ್ಯಾಗಿ ಮಾಡವಲ್ಲಳು. ಡಾಕ್ಟರು ಬಿ.ಪಿ. ಏರೈತಿ ಅಂದಾರ. ದಿನಾ ಆ ಕಾಗದದ ದಾರಿ ಕಾಯ್ತಾಳ. ಏನರ ಮಾಡಿ ಅದನ್ನ ನಿಲ್ಲಿಸ್ರಿ."

ನಿಲ್ಲಿಸಬೇಕು. ಹೇಗೆ? ಹೊಲಿಗೆ ಮಷಿನ್ ತಾನಾಗಿ ಓಡಿದರೆ ಬೆಲ್ಟ್ ಬಿಚ್ಚುತ್ತೇನೆ. ಇದಕ್ಕೆ ಬೆಲ್ಟ್ ಎಲ್ಲಿದೆ?

ಹರಪನಹಳ್ಳಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಟೀಚರಮ್ಮನೊಬ್ಬಳಿದ್ದಳು. ಬೀಬಿ ಕಲಿತದ್ದು ಅವಳ ಬಳಿಯೇ. ಅವಳಿಗೆ ಹೇಳಿಕಳಿಸಿದೆ. ಭಾನುವಾರ ಒಂದು ಸೀಡಿ ಹಿಡಿದು ಬಂದಳು. ಒಂದನೇ ನಂಬರಿನ ಮುಂದೆ ಕೂತು ಸ್ವಲ್ಪ ಹೊತ್ತು ನೋಡಿದಳು.

"ಸಾಹೇಬ್ರೇ, ದೆವ್ವ ಅಲ್ರೀ ಇದು. ಬಾಗಿಲು ತಟ್ಟಿದೋರಿಗೆಲ್ಲ ಹೂಂ ಬರ್ರಿ ಅಂದ್ರೆ ಹಿಂಗೇ ಆಗೋದು. ಈ ಬ್ರೌಸರ್ ಹಳೇದಾಗೇತಿ, ಮೈತುಂಬ ವೈರಸ್ಸಿನ ಹುಳ. ಇದನ್ನ ಬಿಟ್ಟು ಹೊಸದು ಹಾಕೋಣ."

ಬ್ರೌಸರ್ ಎಂದರೆ ಇಂಟರ್ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ ಸಾಧನ ಎಂದು ನನಗೆ ಅವತ್ತೇ ಗೊತ್ತಾದದ್ದು. ಅಲ್ಲಿಯವರೆಗೆ ಆ ಚಿತ್ರವೇ ಇಂಟರ್ನೆಟ್ ಎಂದು ತಿಳಿದಿದ್ದೆ. ಊರವರೂ ಹಾಗೇ ತಿಳಿದಿದ್ದರು. ಟೀಚರಮ್ಮ ಹೊಸ ಬ್ರೌಸರನ್ನು ಸೀಡಿಯಿಂದ ಇಳಿಸಿ, ಹಳೆಯದರ ಚಿತ್ರವನ್ನು ತೆರೆಯ ಮೇಲಿಂದ ತೆಗೆದುಹಾಕಿ ಹೋದಳು. ಮರುದಿನ ಬಂದ ಗಿರಾಕಿಗಳೆಲ್ಲ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಕೂತರು. "ಸಾಬ್ರ, ಇಂಟರ್ನೆಟ್ ತೆಗಸಿಬಿಟ್ರೇನ್ರಿ?" ಇದಲ್ಲವೇ ಅದು ಎಂದು ತೋರಿಸಿದರೂ ಮುಟ್ಟಲೊಲ್ಲರು. ಇಬ್ಬರು ಎದ್ದು ಹೊರಟೇಹೋದರು. ಕೊನೆಗೆ ಟೀಚರಮ್ಮ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಹೊಸ ಬ್ರೌಸರಿಗೆ ಹಳೆಯದರ ಚಿತ್ರವನ್ನೇ ತೊಡಿಸಿದೆ. ಎಲ್ಲರೂ ಒತ್ತಿದರು, ಎಲ್ಲರಿಗೂ ಸರಿಹೋಯಿತು. ದರ್ಜಿ ಮಾತ್ರ, "ಹೊಸ ಸೊಸೀಗೆ ಹಳೇ ಸೊಸಿ ಸೀರಿ ಉಡಿಸೀದಿ ನೋಡು" ಎಂದು ಆಡಿಕೊಂಡ.

ಹೊಸದರಲ್ಲಿ ನನ್ನ ಕೈಗೆ ಹಿಡಿಸಿದ್ದು ಒಂದೇ, ಅದಕ್ಕೆ ಜೋಡಿಸುವ ಆಡ್-ಆನ್‌ಗಳು. ಇವು ನನಗೆ ಗೊತ್ತಿದ್ದ ವಿದ್ಯೆಯೇ. ಹೊಲಿಗೆ ಮಷಿನ್ ಒಂದೇ, ಆದರೆ ಜಿಪ್ ಹೊಲಿಯಲು ಒಂದು ಕಾಲು, ಅಂಚು ಮಡಚಲು ಇನ್ನೊಂದು ಕಾಲು. ಬೇಕಾದ ಕಾಲನ್ನು ಸ್ಕ್ರೂ ಬಿಗಿದು ಹಾಕುತ್ತೇವೆ. ಇಲ್ಲಿಯೂ ಹಾಗೇ. ಕರೆಯದೇ ಬರುವ ಜಾಹೀರಾತು ತಡೆಯಲು ಒಂದು, ಚಿತ್ರ ದೊಡ್ಡದು ಮಾಡಲು ಒಂದು, ಕನ್ನಡದಲ್ಲಿ ಬರೆಯಲು ಒಂದು. ಹಾಕಿದ ಮೇಲೆ ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆಯಬೇಕು. ಕೆಲವು ಆಡ್-ಆನ್‌ಗಳು ನಮ್ಮ ಬ್ರೌಸರಿಗೆ ಹೊಂದುವುದಿಲ್ಲ ಎಂದು ತಾವಾಗಿಯೇ ಹೇಳಿ ಹಿಂದೆ ಸರಿದವು. ಬೇರೆ ಕಂಪನಿಯ ಕಾಲು ನಮ್ಮ ಮಷಿನ್ನಿಗೆ ಕೂರದಿದ್ದ ಹಾಗೆ. ಅದು ಅರ್ಥವಾದಾಗ ನಾನು ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ!

ಹುರುಪು ಹೆಚ್ಚಾಗಿ ಒಂದು ಎಡವಟ್ಟೂ ಮಾಡಿದೆ. ಪುಟದೊಳಗೆ ತಾನಾಗಿ ನಡೆಯುವ ಎಲ್ಲವನ್ನೂ ತಡೆಯುವ ಆಡ್-ಆನ್ ಒಂದಿತ್ತು. ತಾನಾಗಿ ನಡೆಯುವುದೆಂದರೆ ಆಗ ನನಗೆ ಮೈ ಉರಿ. ಮೂರೂ ಕಂಪ್ಯೂಟರಿಗೆ ಹಾಕಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹುಡುಗಿಯರು ನಂಬರು ಒತ್ತುತ್ತಾರೆ, ಪುಟ ಬೆಳ್ಳಗೆ ಬರುತ್ತದೆ. ಒಬ್ಬಳು ಅಳಲು ಶುರು ಮಾಡಿದಳು. ಅವಳ ತಾಯಿ, "ಚಾಚೀ, ನನ್ ಮಗಳೇನು ಮಾಡ್ಯಾಳವ್ವಾ ನಿನಗ?" ಎಂದು ಖಾಲಿ ಕುರ್ಚಿಗೆ ಕೈಮುಗಿದಳು. ನನಗೆ ನಾಚಿಕೆಯಾಯಿತು. ಆಡ್-ಆನ್ ತೆಗೆದೆ. ಪುಟ ಬಂತು. ಹುಡುಗಿ ಪಾಸಾಗಿದ್ದಳು.

ಅಂಗಡಿ ಶಾಂತವಾಯಿತು. ಮೋಡೆಮ್ ಕೂಗಲಿಲ್ಲ, ಮುಖಗಳು ಮೂಡಲಿಲ್ಲ. ಗೆದ್ದೆ ಎಂದುಕೊಂಡೆ. ಅದೇ ವಾರ ಮಗಳ ಫೋನ್ ಬಂತು. "ಅಬ್ಬಾ, ಅಮ್ಮಿ ಮತ್ತ ಬರದಾಳ."

ಆ ಕಂಪ್ಯೂಟರನ್ನು ಅವತ್ತು ಯಾರೂ ಮುಟ್ಟಿರಲಿಲ್ಲ. ಅದರ ವೈರನ್ನು ನಾನೇ ಕಿತ್ತಿದ್ದೆ. ನಿಜ ಹೇಳುತ್ತೇನೆ, ಆಗ ನಾನು ನಂಬಿದೆ. ಇದು ಹುಳವಲ್ಲ, ಅವಳೇ ಎಂದು ನಂಬಿದೆ. ಮಗಳ ಹೆರಿಗೆಗೆ ದಮ್ಮಾಮಿಗೆ ಹೋಗಬೇಕೆಂದು ಬೀಬಿ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಳು. ಆ ಆಸೆ ಉಳಿದು ಹೀಗೆ ಅಲೆಯುತ್ತಿದ್ದಾಳೆ ಎಂದು ಅವಳ ದಿಂಬಿನ ಮೇಲೆ ಕೈಯಿಟ್ಟು ಕೂತುಬಿಟ್ಟೆ.

ಟೀಚರಮ್ಮ ಬಂದಳು. "ಕೀಲಿ ಯಾರದೋ ಕೈಗೆ ಹೋಗೇತಿ ಸಾಹೇಬ್ರೇ. ಹುಳ ಇದ್ದಾಗಲೇ ಕದ್ದಾರೆ. ಈಗ ಅವ್ರು ಎಲ್ಲೋ ದೂರದಲ್ಲಿ ಕೂತು ನಿಮ್ಮ ಮನೆಯೋರ ಪೆಟ್ಟಿಗೆ ತೆಗೆದು, ಅದರಾಗಿರೋ ವಿಳಾಸಕ್ಕೆಲ್ಲ ಕಾಗದ ಹಾಕ್ತಾರೆ. ನೀವು ಬಾಗಿಲು ಬದಲಿಸಿದ್ರಿ. ಕೀಲಿನೇ ಬದಲಿಸಬೇಕಿತ್ತು."

ಕೀಲಿ ಅಂದರೆ ಪಾಸ್‌ವರ್ಡ್. ಬೀಬಿಯದಷ್ಟೇ ಅಲ್ಲ, ಅವಳು ಮಾಡಿಕೊಟ್ಟ ಎಲ್ಲರದೂ ಬದಲಾಗಬೇಕು ಎಂದಳು. ಗೊಬ್ಬರದಂಗಡಿ ಗುಮಾಸ್ತನ ಹೆಸರಿನಿಂದಲೂ ಅವನ ಸಾಹುಕಾರನಿಗೆ "ನನ್ನ ಫೋಟೋ ನೋಡು" ಎಂಬ ಕಾಗದ ಹೋಗಿತ್ತಂತೆ. ಮುಂದಿನ ಸಂತೆಯ ದಿನ ಎಲ್ಲರನ್ನೂ ಕರೆಸಿದೆ. ಅಂಗಡಿಯ ಹೊರಗೆ ಸಾಲು ನಿಂತಿತು.

ಮೊದಲಿಗೆ ಕುರಿ ಮನೆಯ ಅಜ್ಜಿ. ಟೀಚರಮ್ಮ ಕೇಳಿದಳು, "ಅಜ್ಜಿ, ಹಳೇ ಪಾಸ್‌ವರ್ಡ್ ಗೊತ್ತೈತೇನ್ರಿ?"

"ಓದಾಕ ಬರದಿದ್ರೇನಾತು, ಚಾಚಿ ಬಾಯಿಪಾಠ ಮಾಡ್ಸ್ಯಾಳ" ಎಂದ ಅಜ್ಜಿ ಟೀಚರಮ್ಮನ ಕಿವಿಗೆ ಬಾಗಿದಳು. ಅವಳ ಪಿಸುಮಾತು ಬಯಲಿನಲ್ಲಿ ಕುರಿ ಕರೆಯುವ ಪಿಸುಮಾತು. ಬಜಾರಿಗೆಲ್ಲ ಕೇಳಿಸಿತು. ಊರಿನ ಹೆಸರು, ಅದರ ಮುಂದೆ ಒಂದು ಎರಡು ಮೂರು.

ಹಿಂದೆ ನಿಂತಿದ್ದ ಗುಮಾಸ್ತ ಹೌಹಾರಿದ. "ಏ ಅಜ್ಜಿ, ಅದು ನಂದು! ನಿನಗ್ಯಾರು ಹೇಳಿದ್ರು?"

"ನಿಂದ್ಯಾಕ ಆಗ್ತೈತೋ? ಯಾರಿಗೂ ಹೇಳಬ್ಯಾಡ ಅಂತ ನನಗs ಕೊಟ್ಟಾಳ ಚಾಚಿ!"

ಬಳೆ ಅಂಗಡಿಯವಳು ಬಾಯಿಗೆ ಸೆರಗು ಹಿಡಿದು, "ಅಯ್ಯ, ನಂದೂ ಅದs ಐತಲ್ರೀ" ಎಂದಳು. ಅವಳ ಹಿಂದಿನವನು ಸುಮ್ಮನೆ ಕೈಯೆತ್ತಿದ. ಅವನ ಹಿಂದೆ ಇನ್ನೊಂದು ಕೈ. ನೋಡನೋಡುತ್ತ ಸಾಲಿನಲ್ಲಿದ್ದವರ ಕೈಯೆಲ್ಲ ಮೇಲೆ! ಬೀಬಿ ಊರಿಗೆಲ್ಲ ಒಂದೇ ಕೀಲಿ ಕೊಟ್ಟಿದ್ದಳು. ಯಾರಾದರೂ ಮರೆತರೆ ತಾನೇ ತೆರೆದುಕೊಡಬಹುದಲ್ಲ ಎಂಬ ಲೆಕ್ಕ ಅವಳದು. ನಗುವಿನಲ್ಲಿ ಸಾಲು ಮುರಿದುಬಿತ್ತು. ಅವಳು ಹೋದ ಮೇಲೆ ಆ ಅಂಗಡಿಯಲ್ಲಿ ಅಷ್ಟು ನಗು ಕೇಳಿದ್ದು ಅದೇ ಮೊದಲು. ಎಲ್ಲರ ಕೀಲಿಯನ್ನೂ ಬೇರೆ ಬೇರೆ ಮಾಡುವಷ್ಟರಲ್ಲಿ ಸಂಜೆಯಾಯಿತು.

ಉಳಿದದ್ದು ಅವಳದೊಂದೇ. ಅದೇ ಕೀಲಿ ಹಾಕಿದೆ. ತೆರೆಯಲಿಲ್ಲ. ತನಗೆ ಮಾತ್ರ ಬೇರೆ ಇಟ್ಟುಕೊಂಡಿದ್ದಳು. ಬದಲಿಸಬೇಕೆಂದರೆ ಮೊದಲು ಹಳೆಯದನ್ನು ಬರೆಯಿರಿ ಎಂದು ಪುಟ ಕೇಳುತ್ತದೆ. ಚುಕ್ಕಿಗಳನ್ನು ನೋಡಿ ಬರೆಯಲಾಗುತ್ತದೆಯೇ?

ಟೀಚರಮ್ಮ ಹೇಳಿದಳು, "ಹಳೇ ಬ್ರೌಸರ್ ನೆನಪಿಟ್ಟಿದ್ದನ್ನೆಲ್ಲ ಹೊಸದು ತಗೊಂಡೇತಿ. ಹಳೇದು ಚುಕ್ಕಿ ಅಷ್ಟೇ ತೋರಿಸ್ತಿತ್ತು. ಇದರಾಗೆ ಈ ಗುಂಡಿ ಒತ್ತಿದ್ರೆ ಅಕ್ಷರ ಕಾಣ್ತದೆ. ಒತ್ರಿ, ನಾನು ಆ ಕಡೆ ತಿರುಗ್ತೀನಿ." ಅವಳು ನಿಜವಾಗಿಯೂ ಗೋಡೆಯ ಕಡೆ ತಿರುಗಿದಳು.

ಬೆರಳು ಮೌಸಿನ ಮೇಲಿತ್ತು. ಒತ್ತಿದರೆ ಆಯಿತು, ಕಾಗದಗಳು ಇವತ್ತೇ ನಿಲ್ಲುತ್ತವೆ. ಆದರೆ ದಮ್ಮಾಮಿನಲ್ಲಿ ನಾಳೆಯೂ ಒಬ್ಬಳು ದಾರಿ ನೋಡುತ್ತಾ ಕೂರುತ್ತಾಳೆ. ಕಾಗದ ಬರದಿದ್ದರೆ ಅಮ್ಮಿ ಎರಡನೆಯ ಸಲ ಹೋದಳು ಎಂದುಕೊಳ್ಳುತ್ತಾಳೆ, ಕೂಸಿಗೆ ಏನೋ ಆಗುತ್ತದೆ ಎಂದುಕೊಳ್ಳುತ್ತಾಳೆ. ಆ ಪೆಟ್ಟಿಗೆಯನ್ನು ತಾಯಿ ಮಗಳು ಜೊತೆಗೆ ಕೂತು ಮಾಡಿದ್ದು, ಪಾಸ್‌ವರ್ಡ್ ಅವಳಿಗೂ ಗೊತ್ತಿರುತ್ತದೆ. ನಾನು ಗುಂಡಿ ಒತ್ತಲಿಲ್ಲ. ಫೋನ್ ಎತ್ತಿದೆ.

"ಬೇಟಾ, ಅಮ್ಮಿ ಪಾಸ್‌ವರ್ಡ್ ಹೇಳು. ಕಾಗದ ನಿಲ್ಲಿಸಬೇಕು."

"ಹೇಳಂಗಿಲ್ಲ ಅಬ್ಬಾ. ಹೇಳಿದ್ರ ಅಕಿ ಬರಿಯದು ನಿಂತುಬಿಡತೈತಿ."

"ಬರಿಯಾಕ ಹತ್ತಿದಾಕಿ ಅಕಿ ಅಲ್ಲ."

"ನಿಮಗ ಹೆಂಗ ಗೊತ್ತು? ನಿಮಗೇನು ಇಂಗ್ಲಿಷ್ ಬರತೈತೇನು?"

ಮಾತು ಚುಚ್ಚಿತು. ನಿಜವೇ, ಬರುವುದಿಲ್ಲ. "ಸರಿ, ನೀನs ಓದು. ಆ ಕಾಗದದಾಗ ನಿನ್ನ ಏನಂತ ಕರದಾಳ?"

"ಡಿಯರ್ ಅಂತ."

"ನೀ ಹುಟ್ಟಿದಾಗಿಂದ ನಿಮ್ಮಮ್ಮಿ ನಿನ್ನ ಒಂದು ಸಲನಾರ ಡಿಯರ್ ಅಂದಾಳೇನು?"

ಆ ಕಡೆಯಿಂದ ಬಂದ ಸದ್ದು ಅಳುವೋ ನಗುವೋ ತಿಳಿಯಲಿಲ್ಲ. "ಇಲ್ಲ ಅಬ್ಬಾ. ಕತ್ತಿ ಅಂತಿದ್ಲು. ನಿದ್ದಿಗೇಡಿ ಕತ್ತಿ ಅಂತಿದ್ಲು." ಬೀಬಿಗೆ ಮುದ್ದು ಬಂದರೆ ಮಗಳು ಕತ್ತೆಯಾಗುತ್ತಿದ್ದಳು.

"ಹ್ಞಾಂ. ಕತ್ತಿ ಅಂತ ಬರದಿದ್ರ ನಾನೂ ನಂಬ್ತಿದ್ದೆ."

ಅವಳು ಮನಸಾರೆ ಅತ್ತಳು. ತಾಯಿ ಹೋದಾಗ ಬರಲಾಗದೆ ಒಳಗೇ ಇಟ್ಟುಕೊಂಡ ಅಳು ಅದು. ನಾನೂ ತಡೆಯಲಿಲ್ಲ. ಕೊನೆಗೆ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಹೊಸದು ಏನಿಡಲಿ ಎಂದರೆ ಅದನ್ನೂ ಅವಳೇ ಹೇಳಿದಳು. ಪೆಟ್ಟಿಗೆಯನ್ನೇ ಅಳಿಸಿಬಿಡಿ ಎಂದಿದ್ದಳು ಟೀಚರಮ್ಮ. ಮಗಳು ಬೇಡವೆಂದಳು. "ಅಕಿ ಬರಿಯದು ಬ್ಯಾಡ. ನಾನು ಬರೀತೀನಿ. ನೀವು ಓದ್ರಿ."

ಕಾಗದಗಳು ನಿಂತವು. ಒಂದು ವಿಚಿತ್ರ ಹೇಳಲೇ? ನಿಂತ ಮೇಲೆ ಅಂಗಡಿ ಇನ್ನೂ ಖಾಲಿಯಾಯಿತು. ಮಧ್ಯಾಹ್ನದ ಹೊತ್ತು ಮೋಡೆಮ್ ಒಮ್ಮೆ ಕೂಗಲಿ ಎಂದು ನಾನೇ ಕಿವಿಗೊಟ್ಟು ಕೂರುತ್ತಿದ್ದೆ. ಕೂಗಲಿಲ್ಲ. ಹೊಸ ಬ್ರೌಸರ್ ಒಳ್ಳೆಯದು, ಹೇಳಿದಷ್ಟೇ ಮಾಡುತ್ತದೆ. ಅಷ್ಟು ಶಾಂತಿಯನ್ನು ರೂಢಿಮಾಡಿಕೊಳ್ಳುವುದೂ ಕಷ್ಟ.

ಹಾಗೆ ಕಿವಿಗೊಟ್ಟು ಕೂತಿದ್ದ ಒಂದು ದಿನ ಅಳಿಯನ ಫೋನ್. "ಮಾಮಾ, ಹೆಣ್ಣು! ಇಬ್ಬರೂ ಆರಾಮದಾರ. ಫೋಟೋ ಕಳಿಸೀವಿ, ಅಮ್ಮಿ ಪೆಟ್ಟಿಗಿ ನೋಡ್ರಿ." ನಾನು ಫೋನು ಇಡುವುದನ್ನೂ ಮರೆತು ಕೂಗಿದೆ. ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದ. ಮಗನ ಕಾಗದ ಕೇಳಲು ಬಂದಿದ್ದ ಕುರಿ ಮನೆಯ ಅಜ್ಜಿ ಎಲ್ಲರಿಗಿಂತ ಮುಂದೆ ಬಂದು ತೆರೆಗೆ ಮೂಗು ಹಚ್ಚಿ ನಿಂತಳು. ಚಿತ್ರ ದೊಡ್ಡದು ಮಾಡುವ ಆಡ್-ಆನ್ ಒತ್ತಿದೆ. ನಮ್ಮ ಲೈನಿನಲ್ಲಿ ಫೋಟೋ ಒಮ್ಮೆಲೇ ಬರುವುದಿಲ್ಲ, ಮೇಲಿಂದ ಬಾವಿಗೆ ಹಗ್ಗ ಬಿಟ್ಟ ಹಾಗೆ ಗೇಣು ಗೇಣೇ ಇಳಿಯುತ್ತದೆ. ಮೊದಲು ಹಸಿರು ಬಟ್ಟೆ. ಆಮೇಲೆ ಕಪ್ಪು ಕೂದಲು, ಹಣೆ.

"ಮೂಗು ನೋಡ್ರಿ, ಚಾಚೀದs ಮೂಗು!" ಎಂದಳು ಅಜ್ಜಿ.

"ಮೂಗು ಇನ್ನಾ ಇಳದs ಇಲ್ಲಬೇ ಯವ್ವಾ!" ಎಂದ ದರ್ಜಿ.

ಇಳಿಯಿತು. ಮುಚ್ಚಿದ ಕಣ್ಣು ಇಳಿಯಿತು, ಮೂಗು ಇಳಿಯಿತು, ಯಾರ ಮೇಲೋ ಸಿಟ್ಟಾದ ಹಾಗಿದ್ದ ತುಟಿ ಇಳಿಯಿತು, ಕೊನೆಗೆ ಗದ್ದದ ಕೆಳಗೆ ಗಟ್ಟಿ ಹಿಡಿದ ಒಂದು ಮುಷ್ಟಿ. ಏನು ಹೇಳಲಿ! ಆ ಮುಷ್ಟಿಯನ್ನು ದೊಡ್ಡದು ಮಾಡಿ ಮಾಡಿ ತೆರೆ ತುಂಬ ಅದೊಂದೇ ಕಾಣುವ ಹಾಗೆ ಮಾಡಿದೆ. ಅಜ್ಜಿ ತೆರೆಗೆ ದೃಷ್ಟಿ ತೆಗೆದಳು. ಈ ಸಲ ಭಂಡಾರ ಉದುರಿಸಿದಾಗ ನಾನು ಬ್ರಷ್ ತೆಗೆಯಲಿಲ್ಲ.

ಎಲ್ಲರೂ ಹೋದ ಮೇಲೆ ಉತ್ತರ ಬರೆಯಲು ಕೂತೆ. ಬೀಬಿಯ ಪೆಟ್ಟಿಗೆಯಿಂದ ಬರೆಯಬಾರದು, ಆ ಹೆಸರಿನ ಕಾಗದ ಮತ್ತೊಮ್ಮೆ ಮಗಳಿಗೆ ಹೋಗಬಾರದು. ಟೀಚರಮ್ಮ ನನಗೂ ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದಳು. ಅದನ್ನು ತೆರೆದು, ಕನ್ನಡದ ಆಡ್-ಆನ್ ಚಾಲೂ ಮಾಡಿ, ಒಂದೊಂದೇ ಕೀಲಿ ಹುಡುಕಿ ಒತ್ತಿದೆ. ಜನ್ಮದಲ್ಲಿ ನಾನು ಬರೆದ ಮೊದಲ ಕಾಗದ ಅದು. ಗೊತ್ತಿಲ್ಲದ ಹೆಸರಿನಿಂದ ಬಂದ ಕಾಗದ ಕಂಡು ಅವಳು ಮತ್ತೆ ಹೆದರಿದರೆ ಎಂದು ಬಹಳ ಯೋಚಿಸಿದೆ. ಕೂಸಿನ ಮಾತು, ಸಂತೋಷದ ಮಾತು, ಎಲ್ಲವನ್ನೂ ಕೆಳಗಿಟ್ಟು ಮೇಲಿನ ಸಾಲಿನಲ್ಲಿ ಹೀಗೆ ಬರೆದೆ:

"ಬೇಟಾ, ಇದು ಅಬ್ಬಾ. ನಾನೇ ಬರೆದದ್ದು. ನಾನು ಬದುಕಿದ್ದೇನೆ."

ಕಳಿಸುವ ಮೊದಲು ಓದಿ ನೋಡಿ, ಕೊನೆಯ ಮಾತನ್ನು ಇನ್ನೊಮ್ಮೆ ಬರೆದೆ.